ಸರ್ಕಾರಿ, ಖಾಸಗಿ, ವಿದೇಶಿ: ಯಾವ ಬ್ಯಾಂಕು ಎಷ್ಟು ದಕ್ಷ, ಅದನ್ನು ಅಳೆಯೋದು ಹೇಗೆ?

ಮೈಸೂರಿನಲ್ಲಿ ಬ್ಯಾಂಕಿನ ಮಾತು ಈಚೆಗೆ ಜಾಸ್ತಿಯಾಗಿದೆ. 2025ರ ಜನವರಿಯಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕಿಗೆ ದೇಶದ 20 ಊರುಗಳಲ್ಲಿ ಹೊಸ ಶಾಖೆ ತೆರೆಯಲು ರಿಸರ್ವ್ ಬ್ಯಾಂಕ್ ಒಪ್ಪಿಗೆ ಕೊಟ್ಟಿತು. ಆ ಪಟ್ಟಿಯಲ್ಲಿ ಕರ್ನಾಟಕದ ಊರು ಅಂತ ಇದ್ದದ್ದು ಮೈಸೂರು ಒಂದೇ. ಅದೇ ವರ್ಷ ಜಪಾನಿನ ಸುಮಿಟೊಮೊ ಮಿತ್ಸುಯಿ ಬ್ಯಾಂಕು ನಮ್ಮ ಯೆಸ್ ಬ್ಯಾಂಕಿನಲ್ಲಿ ದೊಡ್ಡ ಪಾಲು ಕೊಂಡಿತು. ದುಬೈನ ಎಮಿರೇಟ್ಸ್ ಎನ್‌ಬಿಡಿ ಬ್ಯಾಂಕು ಆರ್‌ಬಿಎಲ್ ಬ್ಯಾಂಕಿನ ಅರ್ಧಕ್ಕೂ ಹೆಚ್ಚು ಪಾಲು ಕೊಳ್ಳುವುದಾಗಿ ಅಕ್ಟೋಬರಿನಲ್ಲಿ ಹೇಳಿತು.

ಇಂಥ ಸುದ್ದಿ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ. ಸರ್ಕಾರಿ ಬ್ಯಾಂಕಿನಲ್ಲಿ ಕೆಲಸ ನಿಧಾನ, ಖಾಸಗಿಯವರು ಚುರುಕು, ವಿದೇಶಿಯವರು ಅವರಿಗಿಂತ ಚುರುಕು ಅಂತ. ಪಿಂಚಣಿ ದುಡ್ಡನ್ನು ಎಲ್ಲಿಡಬೇಕು ಎಂದು ಯೋಚಿಸುವ ಸರಸ್ವತಿಪುರಂನ ನಿವೃತ್ತ ಮೇಷ್ಟ್ರಿಗೂ, ಬೆಳೆ ಸಾಲಕ್ಕೆ ಓಡಾಡುವ ಮದ್ದೂರಿನ ರೈತರಿಗೂ ಈ ಮಾತು ನಿಜವೋ ಸುಳ್ಳೋ ಎಂಬುದು ದುಡ್ಡಿನ ಪ್ರಶ್ನೆ. ಉತ್ತರ ಇದೆ. ಆದರೆ ದಕ್ಷತೆ ಅಂದರೆ ಏನು ಅಂತ ಮೊದಲು ಗೊತ್ತಾಗದೆ ಆ ಉತ್ತರ ಅರ್ಥವಾಗುವುದಿಲ್ಲ.

ಯಾವುದು ಸರ್ಕಾರಿ, ಯಾವುದು ಖಾಸಗಿ, ಯಾವುದು ವಿದೇಶಿ

ಯಾವ ಬ್ಯಾಂಕಿನಲ್ಲಿ ಕೇಂದ್ರ ಸರ್ಕಾರದ ಪಾಲು ಕನಿಷ್ಠ 51% ಇರುತ್ತದೋ ಅದು ಸರ್ಕಾರಿ ಬ್ಯಾಂಕು. ಈಗ ಇಂಥವು 12 ಇವೆ. ಎಸ್‌ಬಿಐ, ಕೆನರಾ, ಯೂನಿಯನ್ ಬ್ಯಾಂಕ್, ಬ್ಯಾಂಕ್ ಆಫ್ ಬರೋಡಾ ಎಲ್ಲ ಈ ಗುಂಪು. 2017ಕ್ಕೆ ಮುಂಚೆ 27 ಇದ್ದವು. ವಿಲೀನವಾಗುತ್ತಾ ಆಗುತ್ತಾ ಇಷ್ಟಕ್ಕೆ ಬಂದಿವೆ.

ಖಾಸಗಿಯಲ್ಲಿ ಹಳಬರು, ಹೊಸಬರು ಎಂದು ಎರಡು ಬಗೆ. 1924ರಲ್ಲಿ ಮಂಗಳೂರಿನಲ್ಲಿ ಶುರುವಾದ ಕರ್ಣಾಟಕ ಬ್ಯಾಂಕು ಹಳಬರ ಸಾಲಿನದು. 1991ರ ಆರ್ಥಿಕ ಸುಧಾರಣೆಯ ನಂತರ ಲೈಸೆನ್ಸ್ ಪಡೆದು ಬಂದ ಎಚ್‌ಡಿಎಫ್‌ಸಿ, ಐಸಿಐಸಿಐ, ಆಕ್ಸಿಸ್ ಬ್ಯಾಂಕುಗಳು ಹೊಸಬರು. ಇಲ್ಲಿ ಒಂದು ವಿಷಯ ಗಮನಿಸಬೇಕು. ಖಾಸಗಿ ಬ್ಯಾಂಕಿನಲ್ಲಿ ವಿದೇಶಿ ಹೂಡಿಕೆದಾರರ ಪಾಲು 74% ತನಕ ಇರಬಹುದು. ಆದ್ದರಿಂದ ‘ಖಾಸಗಿ’ ಅಂದ ಮಾತ್ರಕ್ಕೆ ಅಲ್ಲಿರುವ ಬಂಡವಾಳವೆಲ್ಲ ನಮ್ಮ ದೇಶದವರದೇ ಎಂದಲ್ಲ.

ವಿದೇಶಿ ಬ್ಯಾಂಕಿನ ಮುಖ್ಯ ಕಚೇರಿ ಹೊರದೇಶದಲ್ಲಿರುತ್ತದೆ. ಎಚ್‌ಎಸ್‌ಬಿಸಿ, ಸ್ಟ್ಯಾಂಡರ್ಡ್ ಚಾರ್ಟರ್ಡ್ ತರಹದವು ಇಲ್ಲಿ ಶಾಖೆ ಮಾತ್ರ ತೆರೆದಿವೆ. ಸಿಂಗಪುರದ ಡಿಬಿಎಸ್ 2019ರಲ್ಲಿ ಭಾರತದಲ್ಲೇ ಒಂದು ಪ್ರತ್ಯೇಕ ಕಂಪನಿ ಮಾಡಿಕೊಂಡಿತು. ಸಹಕಾರಿ ಬ್ಯಾಂಕು, ಗ್ರಾಮೀಣ ಬ್ಯಾಂಕುಗಳ ಲೆಕ್ಕವೇ ಬೇರೆ. ಅವನ್ನು ಇಲ್ಲಿ ಬಿಟ್ಟಿದ್ದೇನೆ.

ನೀವಿಟ್ಟ 100 ರೂಪಾಯಿ ಏನಾಗುತ್ತದೆ

ಬ್ಯಾಂಕಿನ ಕಚ್ಚಾ ಸಾಮಗ್ರಿ ನಮ್ಮ ಠೇವಣಿ. ನೀವು 100 ರೂಪಾಯಿ ಇಟ್ಟರೆ ಬ್ಯಾಂಕು ಅಷ್ಟನ್ನೂ ಸಾಲ ಕೊಡುವ ಹಾಗಿಲ್ಲ. 3 ರೂಪಾಯಿಯನ್ನು ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕು. ಅದಕ್ಕೆ ಬಡ್ಡಿ ಬರುವುದಿಲ್ಲ. ಇದು 4 ಇತ್ತು, 2025ರ ಕೊನೆಗೆ 3ಕ್ಕೆ ಇಳಿಯಿತು. ಇನ್ನೊಂದು 18 ರೂಪಾಯಿಯನ್ನು ಮುಖ್ಯವಾಗಿ ಸರ್ಕಾರಿ ಸಾಲಪತ್ರಗಳಲ್ಲಿ ಹಾಕಬೇಕು. ಉಳಿದದ್ದು 79. ಮೂರು ಬಗೆಯ ಬ್ಯಾಂಕಿಗೂ ಈ ನಿಯಮ ಒಂದೇ.

ಮುಂದಿನ ಅಂಕಿಗಳು ಸುಮ್ನೆ ಲೆಕ್ಕಕ್ಕೆ ಇಟ್ಟುಕೊಂಡವು. ಠೇವಣಿಗೆ ಸರಾಸರಿ 5 ರೂಪಾಯಿ ಬಡ್ಡಿ ಕೊಟ್ಟರು ಎನ್ನಿ. 79 ರೂಪಾಯಿ ಸಾಲಕ್ಕೆ 9% ಬಡ್ಡಿ ಬಂತು, ಸರ್ಕಾರಿ ಪತ್ರಕ್ಕೆ ಆರೂವರೆ ಬಂತು. ಕೂಡಿಸಿ, ಕೊಟ್ಟ ಬಡ್ಡಿ ಕಳೆದರೆ ಬ್ಯಾಂಕಿನ ಕೈಯಲ್ಲಿ ಉಳಿಯುವುದು ಮೂರೂಕಾಲು ರೂಪಾಯಿ. ಲಾಕರ್ ಬಾಡಿಗೆ, ಕಾರ್ಡಿನ ಶುಲ್ಕ, ವಿಮೆ ಮಾರಿದ್ದಕ್ಕೆ ಕಮಿಷನ್ ಎಲ್ಲ ಸೇರಿ ಇನ್ನೊಂದು 75 ಪೈಸೆ. ಒಟ್ಟು 4 ರೂಪಾಯಿ ಆದಾಯ.

ಇದರಲ್ಲಿ ಸಂಬಳ, ಬಾಡಿಗೆ, ಕರೆಂಟು, ಕಂಪ್ಯೂಟರು, ಎಟಿಎಂ ಎಂದು 2 ರೂಪಾಯಿ ಹೋಯಿತು. ಬ್ಯಾಂಕಿನವರು ಮಾತೆತ್ತಿದರೆ ಹೇಳುವ ‘ಕಾಸ್ಟ್ ಟು ಇನ್‌ಕಮ್’ ಇದೇ. ಒಂದು ರೂಪಾಯಿ ಗಳಿಸಲು ಎಷ್ಟು ಪೈಸೆ ಖರ್ಚಾಯಿತು ಅನ್ನುವ ಲೆಕ್ಕ. ಇಲ್ಲಿ ಅದು 50%. ಕಡಿಮೆ ಇದ್ದಷ್ಟೂ ಒಳ್ಳೆಯದು. ಉಳಿದ 2 ರೂಪಾಯಿಯಲ್ಲಿ, ವಾಪಸ್ ಬರುವುದು ಅನುಮಾನ ಎನಿಸಿದ ಸಾಲಗಳಿಗೆ 50 ಪೈಸೆ ತೆಗೆದಿಟ್ಟು, ತೆರಿಗೆ ಕಟ್ಟಿದರೆ ಕೊನೆಗೆ ಸಿಗುವ ಲಾಭ 1 ರೂಪಾಯಿ ಚಿಲ್ಲರೆ.

ಬ್ಯಾಂಕಿನ ವ್ಯವಹಾರ ನಡೆಯುವುದೇ ಇಂಥ ಸಣ್ಣ ಅಂತರದಲ್ಲಿ. ಖರ್ಚು ನಾಲ್ಕಾಣೆ ಹೆಚ್ಚಾದರೂ ಲಾಭದ ಮೇಲೆ ಬೀಳುವ ಪೆಟ್ಟು ದೊಡ್ಡದು.

ದಕ್ಷತೆ ಅಳೆಯುವ ಬಗೆ

ಮಂಡ್ಯದ ಕಡೆಯವರಿಗೆ ಇದನ್ನು ಆಲೆಮನೆ ಲೆಕ್ಕದಲ್ಲಿ ಹೇಳಿದರೆ ಸುಲಭ. ಐದು ಆಲೆಮನೆಗೆ ಒಂದೊಂದು ಟನ್ ಕಬ್ಬು ಹಾಕಿದರು. ಎಲ್ಲರಿಗಿಂತ ಚೆನ್ನಾಗಿ ಅರೆದು ಕಾಯಿಸಿದವನಿಗೆ 110 ಕೆ.ಜಿ. ಬೆಲ್ಲ ಬಂತು. ಪಕ್ಕದವನಿಗೆ 99 ಕೆ.ಜಿ. ಬಂತು. ಹಾಗಾದರೆ ಪಕ್ಕದವನ ದಕ್ಷತೆ 90%. ಆಕಾಶದಲ್ಲಿರುವ ಯಾವುದೋ ಆದರ್ಶದ ಜೊತೆಗಲ್ಲ, ಅದೇ ಊರಿನಲ್ಲಿ ಅದೇ ಕಬ್ಬಿನಿಂದ ಒಬ್ಬ ಮಾಡಿ ತೋರಿಸಿದ್ದರ ಜೊತೆಗೆ ಹೋಲಿಕೆ.

ಅರ್ಥಶಾಸ್ತ್ರಜ್ಞರು ಬ್ಯಾಂಕಿಗೆ ಮಾಡುವುದೂ ಇದನ್ನೇ. 1957ರಲ್ಲಿ ಇಂಗ್ಲೆಂಡಿನ ಫ್ಯಾರೆಲ್ ಈ ವಿಚಾರಕ್ಕೆ ರೂಪ ಕೊಟ್ಟರು. 1978ರಲ್ಲಿ ಇದು ಪೂರ್ತಿ ಗಣಿತದ ವಿಧಾನವಾಯಿತು. ಒಳಗೆ ಹಾಕಿದ್ದೆಷ್ಟು, ಹೊರಗೆ ಬಂದದ್ದೆಷ್ಟು ಅಂತ ಪ್ರತಿ ಬ್ಯಾಂಕಿಗೂ ಪಟ್ಟಿ ಮಾಡುತ್ತಾರೆ. ಎಲ್ಲರಿಗಿಂತ ಚೆನ್ನಾಗಿ ಮಾಡಿದವರಿಗೆ 1 ಅಂಕ. ಉಳಿದವರಿಗೆ ಅದಕ್ಕೆ ಹೋಲಿಸಿ 0.9, 0.8 ಹೀಗೆ.

ತೊಡಕು ಇರುವುದು ಪಟ್ಟಿ ಮಾಡುವಾಗ. ಆಲೆಮನೆಯಲ್ಲಿ ಕಬ್ಬು ಒಳಗೆ, ಬೆಲ್ಲ ಹೊರಗೆ. ಅನುಮಾನವೇ ಇಲ್ಲ. ಬ್ಯಾಂಕಿನಲ್ಲಿ ಠೇವಣಿ ಕಬ್ಬೋ ಬೆಲ್ಲವೋ? ಸಾಲ ಕೊಡುವುದೇ ಬ್ಯಾಂಕಿನ ಕೆಲಸ ಎಂದುಕೊಂಡರೆ ಠೇವಣಿ ಕಬ್ಬು, ಸಾಲ ಬೆಲ್ಲ. ಜನರ ದುಡ್ಡು ಜೋಪಾನ ಮಾಡುವುದು, ಕಟ್ಟಿಸಿಕೊಳ್ಳುವುದು, ಕೊಡುವುದೇ ಕೆಲಸ ಎಂದುಕೊಂಡರೆ ಒಂದೊಂದು ಖಾತೆಯೂ, ಕೌಂಟರಿನಲ್ಲಿ ನಡೆದ ಒಂದೊಂದು ವ್ಯವಹಾರವೂ ಬೆಲ್ಲ. ತಜ್ಞರಲ್ಲಿ ಈ ಎರಡು ಪಕ್ಷಗಳೂ ಇವೆ. ಯಾವ ಪಕ್ಷ ಹಿಡಿದು ಲೆಕ್ಕ ಮಾಡಿದರು ಎಂಬುದರ ಮೇಲೆ ಯಾರು ಮೊದಲು ಬಂದರು ಎಂಬುದು ಬದಲಾಗುತ್ತದೆ. ‘ಖಾಸಗಿ ಬ್ಯಾಂಕೇ ದಕ್ಷ’ ಅಂತ ಎಲ್ಲಾದರೂ ಓದಿದಾಗ, ಅವರು ಯಾವುದನ್ನು ಬೆಲ್ಲ ಅಂತ ತೂಕಕ್ಕೆ ಹಾಕಿದ್ದಾರೆ ನೋಡಿ.

ಎರಡು ಬ್ಯಾಂಕು, ಮೂರು ಉತ್ತರ

ದೇಶದ ಅತಿ ದೊಡ್ಡ ಸರ್ಕಾರಿ ಬ್ಯಾಂಕು ಎಸ್‌ಬಿಐ. ಅತಿ ದೊಡ್ಡ ಖಾಸಗಿ ಬ್ಯಾಂಕು ಎಚ್‌ಡಿಎಫ್‌ಸಿ. 2024–25ರ ಲೆಕ್ಕ ತೆಗೆದುಕೊಳ್ಳೋಣ. ಎಸ್‌ಬಿಐ ಲಾಭ ಸುಮಾರು 70,900 ಕೋಟಿ ರೂಪಾಯಿ, ಸಿಬ್ಬಂದಿ ಸುಮಾರು 2.36 ಲಕ್ಷ, ಶಾಖೆಗಳು ಸುಮಾರು 22,900. ಎಚ್‌ಡಿಎಫ್‌ಸಿ ಲಾಭ ಸುಮಾರು 67,300 ಕೋಟಿ, ಸಿಬ್ಬಂದಿ ಸುಮಾರು 2.14 ಲಕ್ಷ, ಶಾಖೆಗಳು ಸುಮಾರು 9,450.

ಮೊದಲು ತಲೆಗೆಷ್ಟು ಲಾಭ ಅಂತ ಭಾಗಿಸಿ. ಎಸ್‌ಬಿಐಯಲ್ಲಿ ಒಬ್ಬ ನೌಕರನಿಗೆ ಸುಮಾರು 30 ಲಕ್ಷ, ಎಚ್‌ಡಿಎಫ್‌ಸಿಯಲ್ಲಿ ಸುಮಾರು 31 ಲಕ್ಷ. ಹೆಚ್ಚೂ ಕಡಿಮೆ ಸರಿಸಮ. ‘ಸರ್ಕಾರಿ ಬ್ಯಾಂಕಿನಲ್ಲಿ ಕೆಲಸ ಇಲ್ಲದೆ ಕೂತಿರುತ್ತಾರೆ’ ಎಂಬ ಮಾತಿಗೆ ಈ ಅಂಕಿಯಲ್ಲಿ ಆಧಾರ ಸಿಗುವುದಿಲ್ಲ.

ಈಗ ಶಾಖೆಗೆಷ್ಟು ಅಂತ ನೋಡಿ. ಎಸ್‌ಬಿಐ 3 ಕೋಟಿ ಚಿಲ್ಲರೆ, ಎಚ್‌ಡಿಎಫ್‌ಸಿ 7 ಕೋಟಿಗೂ ಜಾಸ್ತಿ. ಇಲ್ಲಿ ಖಾಸಗಿ ಬ್ಯಾಂಕು ಎರಡು ಪಟ್ಟಿಗಿಂತ ಮುಂದೆ.

ಇನ್ನು 100 ರೂಪಾಯಿ ಆಸ್ತಿಯ ಮೇಲೆ ಗಳಿಸಿದ ಲಾಭ. ಬ್ಯಾಂಕಿನ ಆಸ್ತಿ ಅಂದರೆ ಮುಖ್ಯವಾಗಿ ಅದು ಕೊಟ್ಟಿರುವ ಸಾಲ. ಎಸ್‌ಬಿಐಗೆ ಸುಮಾರು 1 ರೂಪಾಯಿ 6 ಪೈಸೆ, ಎಚ್‌ಡಿಎಫ್‌ಸಿಗೆ ಸುಮಾರು 1 ರೂಪಾಯಿ 72 ಪೈಸೆ. ಇಲ್ಲೂ ಖಾಸಗಿಯೇ ಮುಂದೆ. ಕಾಸ್ಟ್ ಟು ಇನ್‌ಕಮ್ ನೋಡಿದರೂ ಹಾಗೇ. ಎಸ್‌ಬಿಐಯದು ಸುಮಾರು 50%, ಎಚ್‌ಡಿಎಫ್‌ಸಿಯದು ಸುಮಾರು 40%.

ಅದೇ ಅಂಕಿಗಳಿಂದ ಇನ್ನೊಂದು ವಿಷಯ ತಿಳಿಯುತ್ತದೆ. ಎಸ್‌ಬಿಐಯಲ್ಲಿ ಶಾಖೆಗೆ ಸರಾಸರಿ 10 ಜನ, ಎಚ್‌ಡಿಎಫ್‌ಸಿಯಲ್ಲಿ 22ಕ್ಕೂ ಹೆಚ್ಚು. ಇವರೆಲ್ಲ ಶಾಖೆಯಲ್ಲೇ ಕೂರುವವರಲ್ಲ. ಸಾಲ, ಕಾರ್ಡು ಮಾರಲು ಹೊರಗೆ ಓಡಾಡುವವರು, ಮುಖ್ಯ ಕಚೇರಿಯವರು ಎಲ್ಲ ಸೇರಿದ್ದಾರೆ. ಆದರೂ ಹಳ್ಳಿಯ ಸರ್ಕಾರಿ ಬ್ರಾಂಚಿನಲ್ಲಿ ಸಾಲು ಯಾಕೆ ಉದ್ದ ಎನ್ನುವುದಕ್ಕೆ ಒಂದು ಕಾರಣ ಇಲ್ಲಿದೆ. ಕಡಿಮೆ ಜನ, ಹೆಚ್ಚು ಬಾಗಿಲು.

ಗೃಹಲಕ್ಷ್ಮಿ ದುಡ್ಡು ಬಂದ ದಿನದ ಸಾಲು

2023ರ ಆಗಸ್ಟ್ 30ರಂದು ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಯಿತು. ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ದುಡ್ಡು ಬಂತಂತೆ ಅಂತ ಸುದ್ದಿ ಹಬ್ಬಿದ ಬೆಳಗ್ಗೆ ಮಂಡ್ಯ ಜಿಲ್ಲೆಯ ಯಾವುದಾದರೂ ಹೋಬಳಿ ಕೇಂದ್ರದ ಬ್ಯಾಂಕಿಗೆ ಹೋಗಿ ನೋಡಿ. ಬಾಗಿಲು ತೆಗೆಯುವ ಮುಂಚೆಯೇ ಹೆಂಗಸರು ಪಾಸ್‌ಬುಕ್ ಹಿಡಿದು ನಿಂತಿರುತ್ತಾರೆ. ಕೆಲವರಿಗೆ ಎಂಟ್ರಿ ಮಾಡಿಸಬೇಕು. ಕೆಲವರಿಗೆ ವಿತ್‌ಡ್ರಾವಲ್ ಸ್ಲಿಪ್ ಬರೆದುಕೊಡುವವರು ಬೇಕು. ಒಬ್ಬರ ಆಧಾರ್ ಜೋಡಣೆ ಆಗಿಲ್ಲ, ಇನ್ನೊಬ್ಬರ ಹೆಬ್ಬೆಟ್ಟು ಯಂತ್ರಕ್ಕೆ ಹತ್ತುತ್ತಿಲ್ಲ.

ಆ ಒಂದು ಖಾತೆಯಿಂದ ಬ್ಯಾಂಕಿಗೆ ಎಷ್ಟು ಬರುತ್ತದೆ? 2,000 ರೂಪಾಯಿ ಐದು ದಿನ ಖಾತೆಯಲ್ಲಿ ಉಳಿಯಿತು, ಅದರ ಮೇಲೆ ಬ್ಯಾಂಕಿಗೆ ವರ್ಷಕ್ಕೆ 4% ಅಂತರ ಸಿಕ್ಕಿತು ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಒಂದು ರೂಪಾಯಿ ಹತ್ತು ಪೈಸೆ. ಅಷ್ಟಕ್ಕೆ ಒಬ್ಬ ಗುಮಾಸ್ತರು ಸಹಿ ನೋಡಿ, ದುಡ್ಡು ಎಣಿಸಿ, ಪಾಸ್‌ಬುಕ್ ಅಚ್ಚು ಹಾಕಿ ಕೊಡಬೇಕು. ಆ ಕೆಲಸದ ಸಂಬಳದ ಖರ್ಚೇ ಅದರ ಹತ್ತಾರು ಪಟ್ಟು.

ಸಾಲವನ್ನೂ ಲಾಭವನ್ನೂ ಮಾತ್ರ ತೂಕಕ್ಕೆ ಹಾಕುವ ಲೆಕ್ಕದಲ್ಲಿ ಆ ಇಡೀ ದಿನದ ದುಡಿಮೆ ಸೊನ್ನೆ. ಖರ್ಚಿನ ಕಾಲಮ್ಮಿನಲ್ಲಿ ಬರುತ್ತದೆ, ಗಳಿಕೆಯ ಕಾಲಮ್ಮಿನಲ್ಲಿ ಬರುವುದಿಲ್ಲ. ಶಾಖೆ ‘ಅದಕ್ಷ’ ಎನಿಸಿಕೊಳ್ಳುತ್ತದೆ. ನನಗೆ ಇದು ಸರಿ ಎನಿಸುವುದಿಲ್ಲ. ಆ ಹೆಂಗಸರ ಕೈಗೆ ಪೂರ್ತಿ 2,000 ತಲುಪಿದ್ದು ಕೆಲಸವಲ್ಲದೆ ಮತ್ತೇನು? 2014ರಲ್ಲಿ ಶುರುವಾದ ಜನಧನ ಖಾತೆಗಳು 50 ಕೋಟಿ ದಾಟಿವೆ. ಅವುಗಳಲ್ಲಿ ಬಹುಪಾಲು ಇರುವುದು ಸರ್ಕಾರಿ ಬ್ಯಾಂಕುಗಳಲ್ಲಿ.

ಸಾಲದಲ್ಲೂ ಇದೇ ಕಥೆ. ಮೈಸೂರಿನ ವಿಜಯನಗರದಲ್ಲಿ ಮನೆ ಕೊಳ್ಳುವವರಿಗೆ ಕೊಡುವ 30 ಲಕ್ಷದ ಒಂದು ಸಾಲ ಒಂದು ಫೈಲು. ಅದೇ 30 ಲಕ್ಷವನ್ನು ತಲಾ 3 ಲಕ್ಷದಂತೆ ಕಬ್ಬು, ಭತ್ತ ಬೆಳೆಯುವ ಹತ್ತು ಜನರಿಗೆ ಕೊಟ್ಟರೆ ಹತ್ತು ಫೈಲು. ಹತ್ತು ಪಹಣಿ ನೋಡಬೇಕು, ಬೇರೆ ಬ್ಯಾಂಕಿನಲ್ಲಿ ಬಾಕಿ ಇದೆಯಾ ಅಂತ ವಿಚಾರಿಸಬೇಕು, ಜಮೀನಿಗೆ ಹೋಗಿ ಬೆಳೆ ನೋಡಬೇಕು, ವರ್ಷ ತುಂಬಿದ ಮೇಲೆ ಹತ್ತೂ ಸಾಲ ನವೀಕರಿಸಬೇಕು. ಬಡ್ಡಿಯೋ 7%. ಹೊತ್ತಿಗೆ ಸರಿಯಾಗಿ ಕಟ್ಟಿದ ರೈತರಿಗೆ ಸರ್ಕಾರದ ನೆರವಿನಿಂದ 4% ಬೀಳುತ್ತದೆ. ಇನ್ನು ವಸೂಲಿ. ಕಬ್ಬು ಕೊಟ್ಟ 14 ದಿನದಲ್ಲಿ ಕಾರ್ಖಾನೆ ಹಣ ಕೊಡಬೇಕು ಎಂದು ನಿಯಮ ಇದೆ. ಅಲ್ಲಿ ತಡವಾದರೆ ರೈತರ ಕಂತು ತಡ. ಅದು ಬ್ಯಾಂಕಿನ ಪುಸ್ತಕದಲ್ಲಿ ಬಾಕಿ ಸಾಲವಾಗಿ ಕೂರುತ್ತದೆ.

ಖಾಸಗಿಯವರಿಗೆ ಈ ಹೊರೆ ಇಲ್ಲವೇ ಇಲ್ಲ ಎಂದಲ್ಲ. ಕೊಟ್ಟ ಪ್ರತಿ 100 ರೂಪಾಯಿ ಸಾಲದಲ್ಲಿ 40 ರೂಪಾಯಿ ಆದ್ಯತಾ ವಲಯಕ್ಕೆ, ಅಂದರೆ ಕೃಷಿ, ಸಣ್ಣ ಉದ್ಯಮದಂಥವಕ್ಕೆ, ಆ 40ರಲ್ಲಿ 18 ರೂಪಾಯಿ ಕೃಷಿಗೆ ಹೋಗಬೇಕು ಎಂಬ ನಿಯಮ ಅವರಿಗೂ ಇದೆ. ಆದರೆ ಗುರಿ ಮುಟ್ಟಲಾಗದವರಿಗೆ ದಾರಿ ಇದೆ. ಗುರಿ ಮೀರಿ ಕೊಟ್ಟ ಬ್ಯಾಂಕಿನಿಂದ ಆದ್ಯತಾ ವಲಯದ ಸರ್ಟಿಫಿಕೇಟು ಕೊಳ್ಳಬಹುದು. 2016ರಿಂದ ಇದು ನಡೆಯುತ್ತಿದೆ. ಅದೂ ಆಗದಿದ್ದರೆ ಕೊರತೆಯ ಹಣವನ್ನು ಕಡಿಮೆ ಬಡ್ಡಿಗೆ ನಬಾರ್ಡ್ ನಿಧಿಗಳಲ್ಲಿ ಇಡಬೇಕಾಗುತ್ತದೆ. ಆಲೆಮನೆ ಲೆಕ್ಕದಲ್ಲಿ ಹೇಳುವುದಾದರೆ, ಒಬ್ಬನಿಗೆ ಊರಿನ ಕಬ್ಬನ್ನೆಲ್ಲ ತೆಗೆದುಕೊಳ್ಳಲೇಬೇಕು ಎಂಬ ಕಟ್ಟು. ಇನ್ನೊಬ್ಬ ಆರಿಸಿಕೊಂಡು ಅರೆಯಬಹುದು.

ಅಧ್ಯಯನಗಳಲ್ಲಿ ಕಂಡದ್ದು

1986ರಿಂದ 1991ರವರೆಗೆ 70 ಬ್ಯಾಂಕುಗಳನ್ನು ನೋಡಿದ ಒಂದು ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಅದರಲ್ಲಿ ಮೊದಲು ಬಂದದ್ದು ಸರ್ಕಾರಿ ಬ್ಯಾಂಕುಗಳು. ಆಮೇಲೆ ವಿದೇಶಿ. ಕೊನೆಗೆ ಖಾಸಗಿ! ಇದು ಹಲವರಿಗೆ ಅಚ್ಚರಿಯಾಗಬಹುದು. ಆಗ ಖಾಸಗಿ ಅಂದರೆ ಹಳೆಯ ಸಣ್ಣ ಬ್ಯಾಂಕುಗಳು. ಎಚ್‌ಡಿಎಫ್‌ಸಿ, ಐಸಿಐಸಿಐ ಬ್ಯಾಂಕು ಇನ್ನೂ ಹುಟ್ಟಿರಲಿಲ್ಲ. ಆದರೆ ಅದೇ ಅವಧಿಯಲ್ಲಿ ಸರ್ಕಾರಿ ಬ್ಯಾಂಕುಗಳ ಅಂಕ ಇಳಿಯುತ್ತಿತ್ತು, ವಿದೇಶಿಯವರದು ಏರುತ್ತಿತ್ತು ಅಂತಲೂ ಅಧ್ಯಯನ ಹೇಳಿತು. 1997–98ರ ಲೆಕ್ಕ ನೋಡಿದ ಇನ್ನೊಂದು ಅಧ್ಯಯನದಲ್ಲೂ ಗುಂಪಾಗಿ ಹಿಂದೆ ಬಿದ್ದದ್ದು ಖಾಸಗಿಯೇ.

ಹತ್ತಿರದ ಕಾಲಕ್ಕೆ ಬಂದರೆ, 2022ರ ಆಗಸ್ಟ್ ತಿಂಗಳ ರಿಸರ್ವ್ ಬ್ಯಾಂಕ್ ಬುಲೆಟಿನ್‌ನಲ್ಲಿ ಒಂದು ಲೇಖನ ಬಂತು. ಲಾಭ ಗಳಿಸುವುದೇ ಗುರಿ ಎಂದು ಲೆಕ್ಕ ಮಾಡಿದರೆ ಖಾಸಗಿ ಬ್ಯಾಂಕು ಮುಂದೆ, ಬ್ಯಾಂಕಿಂಗ್ ಸೌಲಭ್ಯವನ್ನು ಎಲ್ಲರಿಗೂ ತಲುಪಿಸುವುದು ಗುರಿ ಎಂದು ಲೆಕ್ಕ ಮಾಡಿದರೆ ಸರ್ಕಾರಿ ಬ್ಯಾಂಕು ಮುಂದೆ ಎನ್ನುವುದು ಅದರ ತಿರುಳು. ಇದು ಬರೆದವರ ಅಭಿಪ್ರಾಯ, ಸಂಸ್ಥೆಯದಲ್ಲ ಎಂದು ರಿಸರ್ವ್ ಬ್ಯಾಂಕು ಆಮೇಲೆ ಸ್ಪಷ್ಟಪಡಿಸಿತು. ಆದರೂ ಒಂದೇ ಅಂಕಿಗಳಿಂದ ಎರಡು ಉತ್ತರ ಹೇಗೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ವಿದೇಶಿ ಬ್ಯಾಂಕು ಯಾಕೆ ಚುರುಕಾಗಿ ಕಾಣುತ್ತದೆ

ಮೈಸೂರಿಗೆ ಒಪ್ಪಿಗೆ ಸಿಕ್ಕಾಗ ಎಚ್‌ಎಸ್‌ಬಿಸಿಗೆ ಇಡೀ ದೇಶದಲ್ಲಿ ಇದ್ದದ್ದು 14 ಊರುಗಳಲ್ಲಿ 26 ಶಾಖೆ. ಎಸ್‌ಬಿಐಯ 22,900ರ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ವಿದೇಶಿ ಬ್ಯಾಂಕುಗಳೆಲ್ಲ ಸೇರಿದರೂ ದೇಶದ ಬ್ಯಾಂಕಿಂಗ್ ಆಸ್ತಿಯಲ್ಲಿ ಅವುಗಳ ಪಾಲು 10% ಮುಟ್ಟುವುದಿಲ್ಲ. ಅವು ನೋಡುವ ಗಿರಾಕಿಗಳೇ ಬೇರೆ. ದೊಡ್ಡ ಕಂಪನಿಗಳು, ರಫ್ತು ಮಾಡುವವರು, ಮಕ್ಕಳು ಅಮೆರಿಕದಲ್ಲೋ ದುಬೈನಲ್ಲೋ ಇರುವ ಅನುಕೂಲಸ್ಥ ಮನೆಗಳು. ಹೆಬ್ಬಾಳದ ಸಾಫ್ಟ್‌ವೇರ್ ಕ್ಯಾಂಪಸ್ಸು, ಹೊರದೇಶದಲ್ಲಿರುವ ಮಕ್ಕಳು ಕಟ್ಟಿಸಿದ ಮನೆಗಳು, ನಿವೃತ್ತರ ಉಳಿತಾಯ ಇವೆಲ್ಲ ಇರುವ ಮೈಸೂರು ಆ ಪಟ್ಟಿಗೆ ಸೇರಿದ್ದರಲ್ಲಿ ಆಶ್ಚರ್ಯವಿಲ್ಲ.

ಖರ್ಚು ಕಡಿಮೆ, ಒಬ್ಬೊಬ್ಬ ಗಿರಾಕಿಯ ವ್ಯವಹಾರ ದೊಡ್ಡದು. ಹಾಗಾಗಿ ಲಾಭದ ಅಂಕಿ ಚೆನ್ನಾಗಿ ಬರುತ್ತದೆ. 20ಕ್ಕಿಂತ ಕಡಿಮೆ ಶಾಖೆ ಇರುವ ವಿದೇಶಿ ಬ್ಯಾಂಕಿಗೂ ಆದ್ಯತಾ ವಲಯದ 40% ಗುರಿ ಇದೆ. ಆದರೆ ಅದರಲ್ಲಿ 32ರ ತನಕ ರಫ್ತು ಸಾಲವನ್ನೇ ತೋರಿಸಬಹುದು. 20 ಅಥವಾ ಅದಕ್ಕಿಂತ ಹೆಚ್ಚು ಶಾಖೆ ಇರುವವರಿಗೆ ಮಾತ್ರ ನಮ್ಮ ಬ್ಯಾಂಕುಗಳ ನಿಯಮವೇ ಅನ್ವಯ.

ಲೆಕ್ಕಕ್ಕೆ ಸಿಗದ ಇನ್ನೊಂದು ಅಂಶ, ಅವು ಹೊರಟುಹೋಗಬಹುದು. ಸಿಟಿಬ್ಯಾಂಕು ಭಾರತದ ಜನಸಾಮಾನ್ಯರ ಖಾತೆ, ಕಾರ್ಡು, ಸಾಲದ ವ್ಯವಹಾರವನ್ನು ಪೂರ್ತಿ ಆಕ್ಸಿಸ್ ಬ್ಯಾಂಕಿಗೆ ಮಾರಿತು. 2023ರ ಮಾರ್ಚ್ 1ಕ್ಕೆ ಗಿರಾಕಿಗಳು ಆಕ್ಸಿಸ್‌ನವರಾದರು. ಠೇವಣಿಗೆ ಏನೂ ಆಗಲಿಲ್ಲ. ಆದರೆ ತಾನು ಆರಿಸಿದ ಬ್ಯಾಂಕು ಬೇರೆ, ಕೊನೆಗೆ ಸಿಕ್ಕಿದ್ದು ಬೇರೆ.

ವಾಪಸ್ ಬರದ ಸಾಲ

ಇವತ್ತು ಖರ್ಚು ಕಡಿಮೆ, ಲಾಭ ಜಾಸ್ತಿ ಎಂದು ತೋರಿಸುವ ಬ್ಯಾಂಕು ನಾಳೆ ಮುಳುಗಬಹುದು. ಸಾಲಗಾರರನ್ನು ಸರಿಯಾಗಿ ಪರೀಕ್ಷಿಸದೆ ಸಾಲ ಕೊಟ್ಟರೆ ಮೊದಲ ವರ್ಷ ಖರ್ಚೂ ಕಡಿಮೆ, ಆದಾಯವೂ ಜಾಸ್ತಿ. ಕಂತು ನಿಂತಾಗ ನಿಜ ಗೊತ್ತಾಗುತ್ತದೆ. ಸಾಮಾನ್ಯವಾಗಿ 90 ದಿನ ಮೀರಿದರೂ ಬಾಕಿ ಕಟ್ಟದ ಸಾಲವನ್ನು ಎನ್‌ಪಿಎ ಅನ್ನುತ್ತಾರೆ. ಬೆಳೆ ಸಾಲಕ್ಕೆ ಹಂಗಾಮಿನ ಲೆಕ್ಕ.

ಸರ್ಕಾರಿ ಬ್ಯಾಂಕುಗಳ ದೊಡ್ಡ ಹುಳುಕು ಇಲ್ಲೇ ಇತ್ತು. 2018ರ ಮಾರ್ಚಿನಲ್ಲಿ ಅವು ಕೊಟ್ಟ ಪ್ರತಿ 100 ರೂಪಾಯಿ ಸಾಲದಲ್ಲಿ 14 ರೂಪಾಯಿಗೂ ಹೆಚ್ಚು ಎನ್‌ಪಿಎ ಆಗಿತ್ತು. ಆ ವರ್ಷ ಅವೆಲ್ಲ ಸೇರಿ ಮಾಡಿದ ನಷ್ಟ 85,000 ಕೋಟಿ ರೂಪಾಯಿ ಮೀರಿತ್ತು. ಅದನ್ನು ರೈತರ ಬಾಕಿ ಎಂದುಕೊಂಡವರು ಬಹಳ ಜನ. ಅಲ್ಲ. ಅದರಲ್ಲಿ ದೊಡ್ಡ ಪಾಲು ಉಕ್ಕು, ವಿದ್ಯುತ್, ರಸ್ತೆ ಕಂಪನಿಗಳಿಗೆ ಕೊಟ್ಟ ಭಾರಿ ಸಾಲಗಳದು. ನಾಲ್ಕೈದು ವರ್ಷಗಳಲ್ಲಿ ಸರ್ಕಾರ ಈ ಬ್ಯಾಂಕುಗಳಿಗೆ ತುಂಬಿದ ಬಂಡವಾಳ ಸುಮಾರು 3 ಲಕ್ಷ ಕೋಟಿ. ಅದು ನಮ್ಮ ನಿಮ್ಮ ತೆರಿಗೆ ಹಣ. ಸರ್ಕಾರಿ ಬ್ಯಾಂಕಿನ ಪರವಾಗಿ ಮಾತಾಡುವವರು ಈ ಅಂಕಿಯನ್ನು ಬಿಟ್ಟು ಮಾತಾಡಬಾರದು.

ಆಮೇಲೆ ಪರಿಸ್ಥಿತಿ ಸುಧಾರಿಸಿತು. 2024–25ರಲ್ಲಿ 12 ಸರ್ಕಾರಿ ಬ್ಯಾಂಕುಗಳ ಒಟ್ಟು ಲಾಭ 1.78 ಲಕ್ಷ ಕೋಟಿ ರೂಪಾಯಿ. ಎನ್‌ಪಿಎ 3%ಕ್ಕಿಂತ ಕೆಳಗೆ ಬಂತು. ಇಳಿದದ್ದರಲ್ಲಿ ಒಂದು ಪಾಲು ವಸೂಲಿ, ಇನ್ನೊಂದು ಪಾಲು ಹಳೆಯ ಸಾಲಗಳನ್ನು ಲೆಕ್ಕದ ಪುಸ್ತಕದಿಂದ ತೆಗೆದುಹಾಕಿದ್ದು.

ಖಾಸಗಿಯಲ್ಲಿ ಇದು ಆಗಲ್ಲ ಎನ್ನುವ ಹಾಗಿಲ್ಲ. 2020ರ ಮಾರ್ಚ್ 5ರಂದು ಯೆಸ್ ಬ್ಯಾಂಕಿನ ಗಿರಾಕಿಗಳಿಗೆ 50,000 ರೂಪಾಯಿಗಿಂತ ಹೆಚ್ಚು ತೆಗೆಯದಂತೆ ತಡೆ ಬಿತ್ತು. ಅದಕ್ಕೆ ಹಣ ಹಾಕಿ ಎತ್ತಿ ನಿಲ್ಲಿಸಲು ಮುಂದೆ ನಿಂತದ್ದು ಎಸ್‌ಬಿಐ. ಅದೇ ವರ್ಷ ನವೆಂಬರಿನಲ್ಲಿ ಲಕ್ಷ್ಮೀ ವಿಲಾಸ್ ಬ್ಯಾಂಕಿಗೆ 25,000ದ ಮಿತಿ ಹಾಕಿದರು. ಅದನ್ನು ಸಿಂಗಪುರದ ಡಿಬಿಎಸ್‌ನ ಭಾರತದ ಕಂಪನಿಯಲ್ಲಿ ಸೇರಿಸಿದರು. ಒಂದು ಖಾಸಗಿ ಬ್ಯಾಂಕನ್ನು ಉಳಿಸಿದ್ದು ಸರ್ಕಾರಿ ಬ್ಯಾಂಕು, ಇನ್ನೊಂದನ್ನು ವಿದೇಶಿಯದು.

ಬೋರ್ಡು ಬದಲಾದರೆ

ಮಾಲೀಕರು ಯಾರು ಎಂಬುದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ ಎನ್ನಲು ನಮ್ಮ ಸೀಮೆಯ ಬ್ಯಾಂಕುಗಳೇ ಸಾಕ್ಷಿ. 1913ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ ಬ್ಯಾಂಕ್ ಆಫ್ ಮೈಸೂರು ಶುರುವಾಯಿತು. 1960ರಲ್ಲಿ ಎಸ್‌ಬಿಐಯ ಅಂಗಸಂಸ್ಥೆಯಾಗಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಯಿತು. 2017ರ ಏಪ್ರಿಲ್ 1ರಂದು ಎಸ್‌ಬಿಐಯಲ್ಲಿ ಕರಗಿತು. ವಿಜಯಾ ಬ್ಯಾಂಕು 1931ರಲ್ಲಿ ಖಾಸಗಿಯಾಗಿ ಹುಟ್ಟಿ, 1980ರಲ್ಲಿ ಸರ್ಕಾರದ್ದಾಗಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಸೇರಿತು. ವೈಶ್ಯ ಬ್ಯಾಂಕಿನದು ಇನ್ನೂ ವಿಚಿತ್ರ ದಾರಿ. ಬೆಂಗಳೂರಿನ ಖಾಸಗಿ ಬ್ಯಾಂಕು ನೆದರ್‌ಲ್ಯಾಂಡ್ಸ್‌ನ ಐಎನ್‌ಜಿ ಕೈಗೆ ಹೋಗಿ, 2015ರಲ್ಲಿ ಕೋಟಕ್ ಮಹೀಂದ್ರಾದಲ್ಲಿ ಸೇರಿತು.

ಬೋರ್ಡು ಬದಲಾದ ರಾತ್ರಿಯೇ ದಕ್ಷತೆ ಬದಲಾಗುವುದಿಲ್ಲ. ಅದೇ ಕಟ್ಟಡ, ಅದೇ ಗಿರಾಕಿ, ಮೊದಮೊದಲು ಅದೇ ಸಿಬ್ಬಂದಿ. ಬದಲಾಗುವುದು ನಿಧಾನಕ್ಕೆ. ಬಡ್ತಿ ಯಾರಿಗೆ, ಗುರಿ ಏನು, ವರ್ಗಾವಣೆ ಎಲ್ಲಿಗೆ ಎಂಬ ನಿಯಮಗಳು ಬೇರೆಯಾದಾಗ. ಸರ್ಕಾರಿ ಬ್ಯಾಂಕಿನಲ್ಲಿ ಅಧಿಕಾರಿಗಳು ದೇಶದ ಯಾವ ಮೂಲೆಯಿಂದಲಾದರೂ ಬರಬಹುದು. ಕೌಂಟರಿನ ಆ ಕಡೆ ಕನ್ನಡ ಬಾರದವರು ಕೂತರೆ ಹತ್ತು ನಿಮಿಷದ ಕೆಲಸ ಅರ್ಧ ಗಂಟೆ ಹಿಡಿಯುತ್ತದೆ. ಆ ಇಪ್ಪತ್ತು ನಿಮಿಷ ಯಾವ ಅಧ್ಯಯನದಲ್ಲೂ ಬರುವುದಿಲ್ಲ, ಅಲ್ವಾ? ಖಾಸಗಿಯಲ್ಲಿ ತೊಂದರೆ ಬೇರೆ. ಕೆಲವು ಖಾಸಗಿ ಬ್ಯಾಂಕುಗಳಲ್ಲಿ ವರ್ಷಕ್ಕೆ ಸುಮಾರು 25% ಸಿಬ್ಬಂದಿ ಕೆಲಸ ಬಿಡುತ್ತಾರೆ ಎಂದು ರಿಸರ್ವ್ ಬ್ಯಾಂಕಿನ 2023–24ರ ವರದಿ ಎಚ್ಚರಿಸಿದೆ. ಹೋದ ಸಲ ನಿಮ್ಮ ಎಫ್‌ಡಿ ಮಾಡಿಕೊಟ್ಟವರು ಈ ಸಲ ಇರುವುದಿಲ್ಲ.

ನಿಮ್ಮ ಮಟ್ಟಿಗೆ ನೋಡಬೇಕಾದದ್ದು

ಠೇವಣಿ ಇಡುವವರು ಮೊದಲು ತಿಳಿಯಬೇಕಾದದ್ದು ವಿಮೆ. ಬ್ಯಾಂಕು ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷ ರೂಪಾಯಿ ತನಕ ಸಿಗುತ್ತದೆ. ಒಂದೇ ಬ್ಯಾಂಕಿನ ನಾಲ್ಕು ಶಾಖೆಯಲ್ಲಿ ನಿಮ್ಮ ಹೆಸರಿಗೆ ಇಟ್ಟರೂ ಮಿತಿ ಅಷ್ಟೇ. ಸರ್ಕಾರಿ, ಖಾಸಗಿ, ವಿದೇಶಿ ಮೂರಕ್ಕೂ ಇದೇ ನಿಯಮ. 2020ಕ್ಕೆ ಮುಂಚೆ ಇದು 1 ಲಕ್ಷ ಇತ್ತು.

ಬೆಳೆ ಸಾಲ, ಪಿಂಚಣಿ, ಸರ್ಕಾರದಿಂದ ಬರುವ ದುಡ್ಡು ಇರುವವರಿಗೆ ಹತ್ತಿರದ ಸರ್ಕಾರಿ ಶಾಖೆಯೇ ಅನುಕೂಲ. ಕಿಸಾನ್ ಕ್ರೆಡಿಟ್ ಕಾರ್ಡಿಗೆ 2025ರಿಂದ 2 ಲಕ್ಷ ರೂಪಾಯಿ ತನಕ ಅಡಮಾನ ಬೇಡ. ದಿನವೂ ವ್ಯವಹಾರ ಮಾಡುವ ಅಂಗಡಿಯವರಿಗೆ, ಎಲ್ಲವನ್ನೂ ಮೊಬೈಲಿನಲ್ಲೇ ಮುಗಿಸುವವರಿಗೆ ಖಾಸಗಿಯ ವೇಗ ಉಪಯೋಗಕ್ಕೆ ಬರುತ್ತದೆ. ಆದರೆ ಖಾತೆಯಲ್ಲಿ ಕನಿಷ್ಠ ಎಷ್ಟು ಉಳಿಸಬೇಕು, ಕಡಿಮೆಯಾದರೆ ದಂಡ ಎಷ್ಟು ಎಂದು ಮೊದಲೇ ಕೇಳಿ. ಸಾಲದ ಜೊತೆ ವಿಮೆ ತೆಗೆದುಕೊಳ್ಳಲೇಬೇಕು ಎಂದು ಯಾರಾದರೂ ಹೇಳಿದರೆ, ಅದನ್ನು ಬರವಣಿಗೆಯಲ್ಲಿ ಕೊಡಿ ಅನ್ನಿ. ಹೊರದೇಶದಿಂದ ಹಣ ಬರುವ ಮನೆಯವರು ವಿದೇಶಿ ಬ್ಯಾಂಕನ್ನು ವಿಚಾರಿಸಬಹುದು. ಆದರೆ ಅಲ್ಲಿನ ಶುಲ್ಕದ ಪಟ್ಟಿಯನ್ನು ಪಕ್ಕದ ಬ್ಯಾಂಕಿನ ಪಟ್ಟಿಯ ಜೊತೆ ಇಟ್ಟು ನೋಡಬೇಕು.

ಯಾವ ಬ್ಯಾಂಕಾದರೂ ಕೆಲಸ ಮಾಡಿಕೊಡದೆ ಸತಾಯಿಸಿದರೆ ಮೊದಲು ಅದೇ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು, ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಮಾಹಿತಿಗೆ 14448ಕ್ಕೆ ಫೋನ್ ಮಾಡಿದರೆ ಸಾಕು.